ಹೆಡ್ ಗ್ಯಾಸ್ಕೆಟ್ ಹೋದಾಗ: ಹಳೆಯ ಕಾರಿನವರಿಗೆ ಒಂದು ಪಾಠ

ನಮ್ಮ ಬಂಧುಗಳಲ್ಲಿ ಹಲವರು ಕೂಡಿಟ್ಟ ಹಣದಲ್ಲಿ ಹಳೆಯ ಕಾರು ಕೊಳ್ಳುತ್ತಾರೆ. ಅದು ಮಾರುತಿ 800 ಆಗಿರುವುದುಂಟು, ಓಮ್ನಿ ಆಗಿರುವುದೂ ಉಂಟು. 1983ರಲ್ಲಿ ಬಂದ 800ರ ತಯಾರಿಕೆ 2014ರಲ್ಲಿ ನಿಂತಿತು. ಆದುದರಿಂದ ಇಂದು ಸಿಗುವ ಗಾಡಿ ಎಷ್ಟೇ ಹೊಳೆಯುತ್ತಿರಲಿ, ಅದು ವಯಸ್ಸಾದ ಗಾಡಿಯೇ. ಇಂಥ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಬ್ಬಕ್ಕೆ ಬೆಳಗಾವಿಯ ಕಡೆಗೆ ಹೊರಟರೆ, ಕಾತ್ರಜ ದಾಟಿ ಖಂಬಾಟಕಿ ಘಾಟು ಏರುವಾಗ ಎಂಜಿನ್ನಿನ ನಿಜವಾದ ಆರೋಗ್ಯ ತಿಳಿಯುತ್ತದೆ. ಶಾಖದ ಮುಳ್ಳು ಮೇಲೇರಿ ಬಾನೆಟ್ಟಿನಿಂದ ಆವಿ ಹೊರಟಿತೆಂದರೆ, ಮೆಕ್ಯಾನಿಕ್ಕು ಹೇಳುವ ಮಾತು ಬಹಳ ಸಲ ಒಂದೇ: “ಗ್ಯಾಸ್ಕೆಟ್ ಹೋಗಿದೆ.” ಈ ಮಾತಿನ ಅರ್ಥವೇನು, ಹಣ ಕೊಡುವ ಮೊದಲು ಏನು ಕೇಳಬೇಕು ಎಂಬುದೇ ಈ ಪಾಠ.

ಗ್ಯಾಸ್ಕೆಟ್ ಎಂದರೇನು?

ಮನೆಯ ಕುಕ್ಕರನ್ನು ನೆನೆಯಿರಿ. ಪಾತ್ರೆಗೂ ಮುಚ್ಚಳಕ್ಕೂ ನಡುವೆ ರಬ್ಬರಿನ ಉಂಗುರವಿದೆ. ಅದು ಸಡಿಲಾದರೆ ಆವಿ ಬದಿಯಿಂದ ಸೋರುತ್ತದೆ. ಎಂಜಿನ್ನಿನಲ್ಲಿ ಪಾತ್ರೆಯ ಸ್ಥಾನದಲ್ಲಿ ಬ್ಲಾಕು, ಮುಚ್ಚಳದ ಸ್ಥಾನದಲ್ಲಿ ಹೆಡ್ಡು. ನಡುವಣ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಇದು ಉರಿಯುವ ಅನಿಲ, ತಂಪು ಮಾಡುವ ನೀರು, ಎಣ್ಣೆ ಈ ಮೂರನ್ನೂ ಒಂದರೊಡನೊಂದು ಬೆರೆಯದಂತೆ ತಡೆಯಬೇಕು. ಕುಕ್ಕರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಎಂಜಿನ್ ಪೂರ್ಣ ಭಾರ ಎಳೆಯುವಾಗ ಸಿಲಿಂಡರಿನೊಳಗಿನ ಒತ್ತಡ ಇದರ ಹತ್ತಾರು ಪಟ್ಟು.

ಅನೇಕ ಕಾರುಗಳಲ್ಲಿ ಬ್ಲಾಕು ಬೀಡು ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 30 ಸೆಂ.ಮೀ. ಉದ್ದದ ತುಂಡು 70 ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ಅರ್ಧ ಮಿಲಿಮೀಟರಿನಷ್ಟು, ಕಬ್ಬಿಣ ಅದರ ಅರ್ಧದಷ್ಟು ಬೆಳೆಯುತ್ತದೆ. ಗ್ಯಾಸ್ಕೆಟ್ ಈ ಎಳೆತವನ್ನು ದಿನವೂ ತಾಳುತ್ತದೆ. ಆದರೆ ನೀರು ತಗ್ಗಿ ಶಾಖ ಮಿತಿಮೀರಿದರೆ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಆದುದರಿಂದ ಗ್ಯಾಸ್ಕೆಟ್ ಹೋದದ್ದು ಬಹುಮಟ್ಟಿಗೆ ರೋಗದ ಲಕ್ಷಣ. ರೋಗ ಬೇರೆ ಎಲ್ಲೋ ಇರುತ್ತದೆ.

ಗುರುತುಗಳು

ಹೊರಗೆ ಸೋರಿಕೆ ಕಾಣದಿದ್ದರೂ ರೇಡಿಯೇಟರಿನ ನೀರು ಇಳಿಯುವುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಆವಿ ನಿಲ್ಲದಿರುವುದು. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನ ರಬ್ಬರ್ ಕೊಳವೆ ಗಟ್ಟಿಯಾಗುವುದು. ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುವುದು. ಅಳತೆ ಕಡ್ಡಿಯ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಾಣುವುದು. ಈ ಕೊನೆಯ ಗುರುತು ಕಂಡರೆ ಗಾಡಿ ಓಡಿಸಲೇ ಬಾರದು. ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ಕಾಯುವುದಿಲ್ಲ. ಗ್ಯಾಸ್ಕೆಟ್ಟಿನ ಖರ್ಚು ಇಡೀ ಎಂಜಿನ್ನಿನ ಖರ್ಚಾಗುತ್ತದೆ.

ಒಂದೇ ಗುರುತನ್ನು ನಂಬಿ ಹೆಡ್ಡು ಬಿಚ್ಚಿಸಬೇಡಿ. ಮಳೆಗಾಲದಲ್ಲಿ ಕಚೇರಿಗೂ ಮನೆಗೂ ಎರಡು ಮೈಲು ಓಡುವ ಗಾಡಿಯ ಎಣ್ಣೆ ಮುಚ್ಚಳದ ಒಳಗೆ ತೇವದಿಂದಲೇ ಬಿಳಿ ಕೆನೆ ಕಟ್ಟುವುದುಂಟು. ಮೊದಲು ಕಂಪ್ರೆಶನ್ ಅಳೆಯಲು ಹೇಳಿ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆ ಇದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಎಲ್ಲದರಲ್ಲಿಯೂ ಕಡಿಮೆಯಿದ್ದು, ಒಂದು ಚಮಚ ಎಣ್ಣೆ ಬಿಟ್ಟೊಡನೆ ಏರಿದರೆ ಪಿಸ್ಟನ್ ರಿಂಗುಗಳೇ ಸವೆದಿವೆ. ಲಕ್ಷ ಕಿಲೋಮೀಟರು ದಾಟಿದ ಗಾಡಿಗೆ ಈ ಪರೀಕ್ಷೆ ಅಗತ್ಯ. ಕೆಳಗಿನ ಭಾಗ ಸವೆದಿದ್ದರೆ ಮೇಲಿನ ರಿಪೇರಿಗೆ ಹಾಕಿದ ಹಣ ವ್ಯರ್ಥ.

ರಿಪೇರಿ ಹೇಗೆ ನಡೆಯಬೇಕು

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಹೆಡ್ಡಿನ ಬೋಲ್ಟುಗಳನ್ನು ಸಡಿಲಿಸತಕ್ಕದ್ದು. ಅದೂ ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ. ಬಿಸಿಯಲ್ಲಿ ಬಿಚ್ಚಿದರೆ ನೆಟ್ಟಗಿದ್ದ ಹೆಡ್ಡೂ ಬಾಗೀತು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಲೋಹಕ್ಕೆ ಗೀರು ಬೀಳದಂತೆ ತೆಗೆಯಬೇಕು.

ಮುಂದಿನದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು, ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಗೇಜಿನಿಂದ ಸಂದು ಅಳೆಯಬೇಕು. ಭೋಸರಿ, ಚಿಂಚವಡದ ಕಾರಖಾನೆಗಳಲ್ಲಿ ದುಡಿಯುವವರಿಗೆ ಈ ಉಪಕರಣ ಹೊಸದಲ್ಲ. ಚಿಕ್ಕ ಎಂಜಿನ್ನುಗಳಲ್ಲಿ ಮಿತಿ ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸು, ಗಾಡಿಯ ಕೈಪಿಡಿಯ ಅಂಕಿಯೇ ಪ್ರಮಾಣ. ನಾವು ಟೈಪು ಮಾಡುವ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಎಂದಮೇಲೆ, ಅದರ ಅರ್ಧದಷ್ಟು ಬಾಗನ್ನು ಕಣ್ಣಿನಿಂದ ಕಾಣುವುದಾಗದು. “ನೋಡಿದರೆ ಗೊತ್ತಾಗುತ್ತದೆ ಸಾಹೇಬ” ಎಂಬ ಮಾತಿಗೆ ಒಪ್ಪಬೇಡಿ. ಬಾಗಿದ್ದರೆ ಯಂತ್ರದಲ್ಲಿ ಹದವಾಗಿ ಕೆರೆದು ಮಟ್ಟ ಮಾಡಬೇಕು. ಗ್ಯಾರೇಜುಗಳಲ್ಲಿ ಇದಕ್ಕೆ ‘ಹೆಡ್ ಫೇಸಿಂಗ್’ ಎನ್ನುತ್ತಾರೆ. ಬಿರುಕು ಇದೆಯೇ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಬೇಕು.

ಬೋಲ್ಟಿನ ತೂತುಗಳಲ್ಲಿ ಎಣ್ಣೆ, ನೀರು ಉಳಿಯಕೂಡದು. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ನಡೆಯದು. ಟೈಮಿಂಗ್ ಬೆಲ್ಟಿನ ಗುರುತು ಸರಿಹೊಂದಿಸಿ, ಎಣ್ಣೆ ಮತ್ತು ಫಿಲ್ಟರು ಬದಲಿಸಿ, ಕೂಲಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಿದರೆ ಕೆಲಸ ಮುಗಿಯಿತು.

ರೇಡಿಯೇಟರಿಗೆ ಸುರಿದರೆ ಸೋರಿಕೆ ನಿಲ್ಲುವುದೆಂದು ಮಾರುವ ಪುಡಿ, ದ್ರಾವಣಗಳು ಊರು ಮುಟ್ಟಲು ನೆರವಾಗಬಹುದೇ ಹೊರತು ಬಾಗಿದ ಹೆಡ್ಡನ್ನು ನೆಟ್ಟಗೆ ಮಾಡಲಾರವು. ಅವು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟುವುದೂ ಉಂಟು.

ಹಣ ಕೊಡುವ ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಒಂದು: ಗಾಡಿ ಕಾದದ್ದೇಕೆ? ಫ್ಯಾನು, ಥರ್ಮೋಸ್ಟಾಟು, ನೀರಿನ ಪಂಪು, ರೇಡಿಯೇಟರು, ಅದರ ಮುಚ್ಚಳ ಇವನ್ನು ನೋಡಿದ್ದೀರಾ? ಎರಡು: ಹೆಡ್ಡಿನ ಬಾಗು ಎಷ್ಟು ಬಂತು? ಅಂಕಿ ಬರೆದು ಕೊಡಿ. ಮೂರು: ಬೋಲ್ಟುಗಳನ್ನು ಮತ್ತೆ ಬಳಸಬಹುದೇ, ಹೊಸದು ಹಾಕಬೇಕೇ? ಉತ್ತರ ಸಿಗದಿದ್ದರೆ ಬೇರೆ ಗ್ಯಾರೇಜು ನೋಡುವುದು ಲೇಸು. ಗ್ಯಾಸ್ಕೆಟ್ ನಾನಾ ಪೇಠೆಯ ಅಂಗಡಿಗಳಲ್ಲಿ ಸಿಗುವ ಸಾಮಾನು. ದೊಡ್ಡ ಖರ್ಚು ಕೂಲಿಯದು. ಕಾರಣ ಹುಡುಕದೆ ಮುಚ್ಚಿದ ಎಂಜಿನ್ ಆ ಕೂಲಿಯನ್ನು ಎರಡನೆಯ ಸಲವೂ ಕೇಳುತ್ತದೆ.

ಕೊನೆಗೊಂದು ಎಚ್ಚರಿಕೆ. ಘಾಟಿನಲ್ಲಿ ಮುಳ್ಳು ಏರಿದೊಡನೆ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮಕ್ಕಳನ್ನು ರಸ್ತೆಯಿಂದ ದೂರ ಕೂರಿಸಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒಳಗಿನ ನೀರು 100 ಡಿಗ್ರಿಯನ್ನು ದಾಟಿಯೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅದು ಆರುವ ತನಕ ಕಾಯಿರಿ. ಊರು ಒಂದು ದಿನ ತಡವಾದರೂ ಸಿಗುತ್ತದೆ. ಕಣ್ಣು ಹೋದರೆ ಬರುವುದಿಲ್ಲ.