ನಾಯಿ ಆಹಾರದ ಚೀಲ ಕಲಿಸಿದ ಲೆಕ್ಕ: ಅಭ್ಯಾಸ ಬೋಧನೆಯ ಒಂದು ಅನುಭವ

ತರಗತಿ: 9
ವಿಷಯಾಂಶ: ಆಹಾರದ ಶಕ್ತಿಮೌಲ್ಯ, ಶೇಕಡಾ ಮತ್ತು ಘಾತಾಂಕಗಳ ಅನ್ವಯ
ಬೋಧನೋಪಕರಣ: ಒಣ ನಾಯಿ ಆಹಾರದ ಚೀಲ, ತಕ್ಕಡಿ, ಲೋಟ

ಪೀಠಿಕೆ: ಚೀಲ ತಂದವಳು ಒಬ್ಬ ವಿದ್ಯಾರ್ಥಿನಿ. ಅವರ ಮನೆಯ ನಾಯಿ ದಪ್ಪಗಾಗಿತ್ತು, 16 ಕೆ.ಜಿ. ಇದ್ದರೆ ಸಾಕೆಂದು ಪಶುವೈದ್ಯರು ಹೇಳಿದ್ದರು. ‘ದಿನಕ್ಕೆ ಎಷ್ಟು ಹಾಕಬೇಕು ಮಿಸ್?’ ಎಂಬ ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ.

ನನ್ನ ತಪ್ಪು: ಚೀಲದ ಮೇಲೆ 100 ಗ್ರಾಂಗೆ ಪ್ರೋಟೀನ್ 24, ಕೊಬ್ಬು 10, ನಾರು 5, ತೇವಾಂಶ 10 ಎಂದಿತ್ತು. ಉಳಿದ 51 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಬರೆದು, ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್‌ಗಳನ್ನು ಕ್ರಮವಾಗಿ ನಮ್ಮ ಆಹಾರಕ್ಕೆ ಬಳಸುವ 4, 9, 4ರಿಂದ ಗುಣಿಸಿದೆ. 390 ಕಿಲೋಕ್ಯಾಲೊರಿ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಚೀಲದ ಮೇಲೆ 320 ಅಂತಿದೆಯಲ್ಲ ಮಿಸ್, ಯಾರದ್ದು ತಪ್ಪು?’ ಎಂದ. ನನಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ತಿದ್ದುಪಡಿ: ಮರುದಿನ ಎರಡು ತಪ್ಪುಗಳನ್ನು ಕಪ್ಪುಹಲಗೆಯ ಮೇಲೆ ಒಪ್ಪಿಕೊಂಡೆ. ಒಂದು, ಖನಿಜಾಂಶವಾದ ಬೂದಿಯನ್ನು ಕಳೆದಿರಲಿಲ್ಲ. ಚೀಲದ ಮೇಲೆ ಅದು ನಮೂದಾಗದಿದ್ದರೆ ಸುಮಾರು 8 ಗ್ರಾಂ ಎಂದು ಹಿಡಿಯುವುದುಂಟು. ಆಗ ಕಾರ್ಬೋಹೈಡ್ರೇಟ್ 43. ಎರಡು, ಒಣ ನಾಯಿ ಆಹಾರ ನಮ್ಮ ಆಹಾರದಷ್ಟು ಪೂರ್ಣವಾಗಿ ಜೀರ್ಣವಾಗದ ಕಾರಣ 3.5, 8.5, 3.5ರಿಂದ ಗುಣಿಸಬೇಕು.

84 + 85 + 150.5 = 319.5 ಕಿಲೋಕ್ಯಾಲೊರಿ.

ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಶಕ್ತಿ 70 × (ತೂಕ)^¾. 16ರ ¾ ಘಾತ 8, ಆದ್ದರಿಂದ 560. ಸಂತಾನಶಕ್ತಿಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ಇದರ ಸುಮಾರು 1.6 ಪಟ್ಟು, ಅಂದರೆ 896. ಆಹಾರ ಸುಮಾರು 280 ಗ್ರಾಂ. ನನ್ನ ಮೊದಲ ಲೆಕ್ಕ ನಂಬಿದ್ದರೆ 230 ಗ್ರಾಂ ಆಗಿ, ನಾಯಿ ದಿನವೂ ಅರೆಹೊಟ್ಟೆಯಲ್ಲಿರುತ್ತಿತ್ತು. ಅವಳ ಲೋಟ ತೂಗಿದಾಗ 90 ಗ್ರಾಂ ಹಿಡಿಯಿತು. ಅವಳು ಹಾಕುತ್ತಿದ್ದುದು ನಾಲ್ಕು ಲೋಟ. ಮೂರು ಸಾಕು ಎಂದು ಮಕ್ಕಳೇ ಹೇಳಿದರು. ಇದು ಅಂದಾಜು, ತೂಕ ಇಳಿಸುವ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು ಎಂದು ಸೇರಿಸಿದೆ.

ಗುಣಮಟ್ಟ: ‘ಪ್ರೋಟೀನ್ 24 ಇದ್ದರೆ ಒಳ್ಳೆಯದೇ?’ ಎಂದು ಕೇಳಿದೆ. ಕಚ್ಚಾ ಪ್ರೋಟೀನ್ ಎಂದರೆ ಅಳೆದ ಸಾರಜನಕದ 6.25 ಪಟ್ಟು, ಅಷ್ಟೇ. 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ ಬೆರೆತ ಸಾಕುಪ್ರಾಣಿ ಆಹಾರ ತಿಂದು ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಮೆಲಮೈನ್‌ನ ಅಣುಸೂತ್ರ C₃H₆N₆ ಬರೆದು ಸಾರಜನಕದ ಶೇಕಡಾವಾರು ಕಂಡುಹಿಡಿಯಿಸಿದೆ: 66.7. ಅದನ್ನು 6.25ರಿಂದ ಗುಣಿಸಿದಾಗ ‘ಪ್ರೋಟೀನ್’ 400 ದಾಟಿತು! ತರಗತಿ ನಕ್ಕಿತು, ಆಮೇಲೆ ಸುಮ್ಮನಾಯಿತು. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಯಾವುದಿದೆ, ಪ್ರೋಟೀನ್ ಯಾವುದರಿಂದ ಬಂದಿದೆ ಎಂದು ಆಮೇಲೆ ಅವರೇ ಓದತೊಡಗಿದರು.

ಆತ್ಮಾವಲೋಕನ: ‘ನಮ್ಮ ನಾಯಿಗೆ ಮುದ್ದೆ ಹಾಕ್ತೀವಿ ಮಿಸ್, ಅದಕ್ಕೆ ಚೀಲ ಇಲ್ಲ’ ಎಂದು ಕೊನೆಯಲ್ಲಿ ಒಬ್ಬಳು ಹೇಳಿದಳು. ಚೀಲ ಕೊಳ್ಳುವ ಮನೆಗಳು ಆ ತರಗತಿಯಲ್ಲಿ ಎರಡೇ ಇದ್ದವು. ಪಾಠ ಯೋಜಿಸುವಾಗ ನಾನು ಅದನ್ನು ಕೇಳಿಯೇ ಇರಲಿಲ್ಲ. ಮುಂದಿನ ಬಾರಿ ರಾಗಿ ಹಿಟ್ಟಿನಿಂದಲೇ ಆರಂಭಿಸುತ್ತೇನೆ.