ಸರಳೆಯನ್ನು ಹಾರಿಸಿ ಹಾಡಹೊರಟವರಿಗೆ

ನಿವೃತ್ತಿಯ ನಂತರವೋ ಉದ್ಯೋಗ ಬದಲಾವಣೆಯ ನಡುವಿನ ಬಿಡುವಿನಲ್ಲೋ ಕರ್ನಾಟಕ ಸಂಗೀತ ಕಲಿಯಲು ಹೊರಡುವ ಓದುಗರು ಸಾಮಾನ್ಯವಾಗಿ ಎಡವುವುದು ಅವಸರದಲ್ಲಿ; ವರ್ಷಗಟ್ಟಲೆ ಕೇಳಿ ಕಿವಿ ಪಳಗಿರುತ್ತದೆ, ಕಂಠ ಪಳಗಿರುವುದಿಲ್ಲ, ಹೀಗಾಗಿ ಸರಳೆ ವರಸೆ ಮಕ್ಕಳ ಪಾಠವೆನಿಸಿ ನೇರವಾಗಿ ಕೃತಿಗೆ ಕೈಹಾಕುವ ಆಸೆ ಹುಟ್ಟುತ್ತದೆ. ಸಂಪ್ರದಾಯವು ಪುರಂದರದಾಸರ ಹೆಸರಿನೊಂದಿಗೆ ಜೋಡಿಸಿರುವ ಈ ಅಭ್ಯಾಸಗಳನ್ನು ಮಾಯಾಮಾಳವಗೌಳದಲ್ಲಿ ಕಲಿಸುವುದು ಸುಮ್ಮನೆ ಅಲ್ಲ: 72 ಮೇಳಕರ್ತಗಳಲ್ಲಿ, ಅಂದರೆ ಏಳೂ ಸ್ವರಗಳುಳ್ಳ ಜನಕರಾಗಗಳಲ್ಲಿ, 15ನೆಯದಾದ ಇದರ ಸ-ರಿ-ಗ-ಮ ಮತ್ತು ಪ-ಧ-ನಿ-ಸ ಭಾಗಗಳ ಸ್ವರಾಂತರಗಳು ಒಂದೇ ತೆರನಾಗಿದ್ದು, ಕೆಳಗೆ ಕಲಿತ ಅಳತೆಯೇ ಮೇಲೆಯೂ ಒದಗುತ್ತದೆ. ಆದಿತಾಳದ 8 ಅಕ್ಷರಗಳ ಆವರ್ತದಲ್ಲಿ ಇವನ್ನು ಮೂರು ಕಾಲಗಳಲ್ಲಿ, ಎಂದರೆ ತಾಳದ ನಡೆ ಕದಲದೆ ಸ್ವರಗಳ ವೇಗ ಮಾತ್ರ ಇಮ್ಮಡಿ, ನಾಲ್ಮಡಿಯಾಗುವಂತೆ, ಹಾಡಲು ಬರುವವರೆಗೆ ವರ್ಣಗಳತ್ತ ಹೊರಳದಿರುವುದು ಲೇಸು.

ಶ್ರುತಿಯ, ಅಂದರೆ ಆಧಾರ ಷಡ್ಜದ, ಆಯ್ಕೆಯಲ್ಲೂ ಜಾಗ್ರತೆ ಬೇಕು. ಮೆಚ್ಚಿನ ಗಾಯಕರ ಧ್ವನಿಮುದ್ರಿಕೆಯ ಶ್ರುತಿಯನ್ನೇ ಹಿಡಿದರೆ, ಅದು ಏರಾಗಿದ್ದಲ್ಲಿ ತಾರಸ್ಥಾಯಿಯಲ್ಲಿ ಗಂಟಲು ಬಿಗಿಯುತ್ತದೆ, ತಗ್ಗಾಗಿದ್ದಲ್ಲಿ ಮಂದ್ರದ ಪಂಚಮ ಕೇಳಿಸುವುದೇ ಇಲ್ಲ. ಆದುದರಿಂದ ಅದನ್ನು ಗುರುಗಳಿಂದಲೇ ಗೊತ್ತುಮಾಡಿಸಿಕೊಳ್ಳಬೇಕು. ಇನ್ನು ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಸಹಪಾಠಿ ಮುಂದಿನ ಪಾಠಕ್ಕೆ ಹೋದಳೆಂದು ಕಸಿವಿಸಿಪಡಬೇಕಾಗಿಲ್ಲ (ಅವಳಿಗಾದರೋ ಜೂನಿಯರ್ ಪರೀಕ್ಷೆಯ ಗಡಿಬಿಡಿಯಿರುತ್ತದೆ). ಅವಳು ಬಿಟ್ಟುಹೋದ ಜಂಟಿ ವರಸೆಯನ್ನು ಮತ್ತೊಂದು ವಾರ ಹಾಡಿಕೊಳ್ಳಲು ವಯಸ್ಕರಿಗೆ ಯಾರ ಅಡ್ಡಿಯೂ ಇಲ್ಲ.