ಸೆಕೆಂಡ್ ಹ್ಯಾಂಡ್ ಗಾಡಿ: ಕಸುಬು ಕೇಳಿ ಕೊಳ್ಳಿ

ಹಳೆಯ ಬೊಲೆರೊ, ಸ್ಕಾರ್ಪಿಯೊ, ಥಾರ್ ನೋಡಲು ಹೋದವರು ಮೊದಲು ಕೇಳುವುದು ‘ಎಷ್ಟು ಓಡಿದೆ?’ ಅಂತ. ದಾವಣಗೆರೆ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಈ ಗಾಡಿ ಇಷ್ಟು ದಿನ ಏನು ಕೆಲಸ ಮಾಡುತ್ತಿತ್ತು? ಮೀಟರನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ದುಡಿಮೆಯ ಗುರುತನ್ನು ಗಾಡಿಯ ಅಡಿಯಿಂದ ಅಳಿಸುವುದು ಅಷ್ಟು ಸುಲಭವಲ್ಲ.

ಚನ್ನಗಿರಿ ಕಡೆಯ ಗಾಡಿಯಾದರೆ ಅಡಿಕೆ ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿಯವರ ಕೈಯಲ್ಲಿತ್ತೇ ಎಂದು ವಿಚಾರಿಸಿ. ಕೊಯ್ಲಿನ ತಿಂಗಳುಗಳಲ್ಲಿ ಹಿಂದಿನ ಸೀಟು ಮಡಚಿ ಹಸಿ ಅಡಿಕೆ ಚೀಲ ಹೇರಿದ ಬೊಲೆರೊದಲ್ಲಿ ಹಿಂದಿನ ಕಮಾನ್ ಪಟ್ಟೆಗಳು ಬಾಗುವ ಗುಣ ಕಳೆದುಕೊಂಡು ಚಪ್ಪಟೆಯಾಗಿರುತ್ತವೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ದೂರ ಸರಿದು ನಿಂತು ನೋಡಿ. ಹಿಂಭಾಗ ಕುಸಿದಿದ್ದರೆ ಅಥವಾ ಒಂದು ಪಕ್ಕಕ್ಕೆ ವಾಲಿದ್ದರೆ ಭಾರ ಹೊತ್ತ ಗಾಡಿ ಎಂದೇ ತಿಳಿಯಿರಿ. ಆಮೇಲೆ ಕೆಳಗೆ ತೂರಿ, ಟಾರ್ಚ್ ಹಿಡಿದು ಚಾಸಿಯ ಉದ್ದಕ್ಕೂ ವೆಲ್ಡಿಂಗ್ ತೇಪೆ ಹುಡುಕಿ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಹೆಚ್ಚು ಹುಡುಕಿ.

ಹೊನ್ನಾಳಿಯಲ್ಲಿ ನೀರಿನ ಪ್ರಶ್ನೆ. ತುಂಗಭದ್ರೆ ಉಕ್ಕಿದರೆ ಬಾಲರಾಜ್ ಘಾಟ್ ಪ್ರದೇಶಕ್ಕೆ ನೀರು ನುಗ್ಗುವುದು ಊರಿಗೆಲ್ಲ ಗೊತ್ತು. ನೀರಲ್ಲಿ ನಿಂತ ಗಾಡಿಯನ್ನು ತೊಳೆದು, ಒಣಗಿಸಿ, ಸೆಂಟು ಹೊಡೆದು ಮಾರಬಹುದು. ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಸಿಗುತ್ತದೆ. ಸೀಟಿನ ಹಳಿಗೆ ತುಕ್ಕು, ಮ್ಯಾಟಿನ ಅಡಿಯಲ್ಲಿ ಮೆಕ್ಕಲು, ಹೆಡ್‌ಲೈಟಿನೊಳಗೆ ಮಂಜು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ವೈರಿಂಗ್ ಒಳಗಿನಿಂದ ಕೊಳೆಯುತ್ತ ವರ್ಷಗಟ್ಟಲೆ ಕಾಡುತ್ತದೆ.

ಜಗಳೂರಿನದು ಧೂಳಿನ ಕಥೆ. ಏರ್ ಫಿಲ್ಟರ್ ಬಿಚ್ಚಿಸಿ, ಅದರ ಆಚೆಯ ಪೈಪಿನೊಳಗೆ ಬೆರಳಾಡಿಸಿ. ಬೆರಳಿಗೆ ಮಣ್ಣು ಹತ್ತಿದರೆ ಆ ಮಣ್ಣು ಟರ್ಬೊವನ್ನೂ ಎಂಜಿನ್ನನ್ನೂ ಸವೆಸಿದೆ. ನ್ಯಾಮತಿ ಕಡೆ ಟ್ರೇಲರ್ ಎಳೆದ ಗಾಡಿಯೇನೋ ಎಂಬ ಅನುಮಾನವಿದ್ದರೆ ಏರಿನಲ್ಲಿ ಮೂರನೇ ಗೇರ್ ಹಾಕಿ ಎಕ್ಸಿಲರೇಟರ್ ತುಳಿಯಿರಿ. ಎಂಜಿನ್ ಕೂಗಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ.

ಎಲ್ಲಿಯ ಗಾಡಿಯೇ ಆಗಲಿ, ಎಂಜಿನ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೋಗಿ ನೋಡಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಸಿದ್ದರೆ ಇನ್ನೊಂದು ದಿನ ಬರುತ್ತೇನೆನ್ನಿ. ನಿಮ್ಮ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗುವುದು ಈ ಇಡೀ ವ್ಯವಹಾರದಲ್ಲೇ ಹೆಚ್ಚು ಉಳಿತಾಯ ಮಾಡುವ ಖರ್ಚು.

ನಾಲ್ಕೂ ಗಾಲಿ ಎಳೆಯಬೇಕೇ?

ಎತ್ತರದ ಗಾಡಿಗಳೆಲ್ಲ ಫೋರ್ ವೀಲ್ ಡ್ರೈವ್ ಅಲ್ಲ. ನಮ್ಮ ರಸ್ತೆಯ ಬಹುಪಾಲು ಬೊಲೆರೊ, ಸ್ಕಾರ್ಪಿಯೊಗಳಲ್ಲಿ ಹಿಂದಿನ ಗಾಲಿಗಳಷ್ಟೇ ಎಳೆಯುತ್ತವೆ. ಭದ್ರಾ ಚಾನಲ್ ಏರಿಯ ಮೇಲೆ, ತೋಟದ ದಾರಿಯಲ್ಲಿ ಓಡಾಡಲು ಒಳ್ಳೆಯ ಟೈರು ಮತ್ತು ನೆಲದಿಂದ ಎತ್ತರ ಇದ್ದರೆ ಅಷ್ಟೇ ಸಾಕು. ಮಳೆಗಾಲದಲ್ಲಿ ಎರೆಹೊಲ ದಾಟಿ ಮನೆ ಸೇರಬೇಕಾದವರಿಗೆ ಮಾತ್ರ ಫೋರ್ ವೀಲ್ ನಿಜಕ್ಕೂ ಬೇಕು. ಕೊಳ್ಳುವುದಾದರೆ ಸಡಿಲ ಮಣ್ಣಿನ ಮೇಲೆ ಪರೀಕ್ಷಿಸಿ, ಡಾಂಬರಿನ ಮೇಲೆ ಬೇಡ. ಲೋ ಗೇರಿಗೂ ಹಾಕಿ ನೋಡಿ. ವರ್ಷಗಟ್ಟಲೆ ಮುಟ್ಟದ ಲಿವರ್ ಜಾಮ್ ಆಗಿರುತ್ತದೆ; ಆ ರಿಪೇರಿ ದುಬಾರಿ. ನಿಮ್ಮದಾದ ಮೇಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಅದನ್ನು ಬಳಸುತ್ತಿರಿ.

ಮಕ್ಕಳನ್ನೂ ಕೂರಿಸುವ ಗಾಡಿಯಾದರೆ ಒಂದು ದಿನಾಂಕ ನೆನಪಿಡಿ: 2019ರ ಜುಲೈ 1. ಅಲ್ಲಿಂದ ಮುಂದೆ ತಯಾರಾದ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. ಎಬಿಎಸ್ ಬ್ರೇಕ್ ಆ ವರ್ಷದ ಏಪ್ರಿಲ್‌ನಲ್ಲೇ ಕಡ್ಡಾಯವಾಗಿತ್ತು. ಸ್ವಲ್ಪ ಹೆಚ್ಚು ಹಣ ಹೋದರೂ ಆ ದಿನಾಂಕದ ಈಚಿನದನ್ನೇ ಹುಡುಕಿ ಎಂಬುದು ನನ್ನ ಒತ್ತಾಯ. ಹಳೆಯ ಗಾಡಿಗಳ ಹಿಂಬದಿಯಲ್ಲಿ ಎದುರುಬದುರಾಗಿರುವ ಅಡ್ಡ ಸೀಟುಗಳಲ್ಲಿ ಮಕ್ಕಳನ್ನು ಕೂರಿಸಬೇಡಿ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲ ಪೆಟ್ಟು ಅಲ್ಲಿಗೇ ಬೀಳುತ್ತದೆ.

ಬಯಾನೆಗೂ ಮುಂಚೆ ಕಾಗದ

ದಾವಣಗೆರೆಯ ಕೆಎ-17 ಜೊತೆಗೆ ಶಿವಮೊಗ್ಗದ 14, ಚಿತ್ರದುರ್ಗದ 16 ನಂಬರಿನ ಗಾಡಿಗಳೂ ಇಲ್ಲಿ ಸಲೀಸಾಗಿ ಕೈ ಬದಲಾಯಿಸುತ್ತವೆ. ನಂಬರ್ ಯಾವುದೇ ಇರಲಿ, ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿ: ಎಷ್ಟನೇ ಮಾಲೀಕ, ಸಾಲ ಬಾಕಿಯಿದೆಯೇ, ವಿಮೆ ಎಂದಿನವರೆಗೆ, ದಂಡ ಉಳಿದಿದೆಯೇ ಎಂಬುದೆಲ್ಲ ಗೊತ್ತಾಗುತ್ತದೆ. ಮೊದಲು ಹಳದಿ ಬೋರ್ಡಿನಲ್ಲಿ ಪ್ಯಾಸೆಂಜರ್ ಹೊಡೆದು ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳಿ. ಸಾಲವಿದ್ದರೆ ಅದು ತೀರಿದ ಬಗ್ಗೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಹೆಸರು ಬದಲಾವಣೆಗೆ ಬೇಕಾದದ್ದು ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ‘ಸಹಿ ಹಾಕಿದ ಖಾಲಿ ಫಾರಂ ಇದೆ, ಯಾವಾಗ ಬೇಕಾದರೂ ಮಾಡಿಸಿಕೊಳ್ಳಿ’ ಎನ್ನುವ ಮಾತಿಗೆ ಒಪ್ಪಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಪಘಾತವಾದರೆ ಪರಿಹಾರದ ಹೊಣೆ ಎಂದೋ ಮಾರಿ ಕೂತವರ ತಲೆಗೆ ಬರುತ್ತದೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿಯ ಹಾನಿಗೆ ಹಣ ಸಿಗದು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ದೆಹಲಿ ಗಾಡಿ ಅಗ್ಗ ಎಂಬ ಆಸೆ ಹಲವರಿಗಿದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನ್ಯಾಯಾಲಯದ ನಿರ್ಬಂಧ ಬಂದ ಮೇಲೆ ಅವು ದಕ್ಷಿಣಕ್ಕೆ ಹರಿದು ಬಂದವು. ಎನ್‌ಒಸಿ ತರಿಸಿ, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯುವ ಹೊತ್ತಿಗೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಿ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕವೂ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿದೆ.

ಮನೆಗೆ ಬಂದ ಮೇಲೆ

ಮಾರಿದವರು ಏನೇ ಹೇಳಲಿ, ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್‌ಗಳನ್ನೂ ಎಲ್ಲ ಫಿಲ್ಟರ್‌ಗಳನ್ನೂ ಒಮ್ಮೆ ಬದಲಾಯಿಸಿ. ಡಿಫರೆನ್ಷಿಯಲ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೀರು ಎಷ್ಟೇ ಆಳವಾಗಿ ಕಂಡರೂ ಬಹಳ ಹಳೆಯ ಟೈರು ಬೇಡ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಯನ್ನು ಊರೊಳಗೇ ಸುತ್ತಿಸಿದರೆ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ದೂರ ಓಡಿಸಿ.

ಸುಗ್ಗಿಯ ಕಾಲದಲ್ಲಿ ಇನ್ನೊಂದು ಅಪಾಯವಿದೆ. ಒಕ್ಕಣೆಗೆಂದು ರಸ್ತೆ ಮೇಲೆ ಹರಡಿದ ಹುರುಳಿ ಸೊಪ್ಪು ತಿರುಗುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ರಾಜ್ಯದಲ್ಲಿ ಹೀಗೆ ಕಾರುಗಳು ಸುಟ್ಟುಹೋಗಿವೆ. ಸಾಧ್ಯವಿದ್ದರೆ ಪಕ್ಕದಿಂದ ಹೋಗಿ. ಹಾದು ಬಂದಿರಾದರೆ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ, ಕೆಳಗೆ ಬಗ್ಗಿ ನೋಡಿ ಸೊಪ್ಪು ಎಳೆದು ತೆಗೆಯಿರಿ. ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಚಾಲಕನ ಕೈಗೆಟುಕುವಲ್ಲಿರಲಿ, ಡಿಕ್ಕಿಯ ಸಾಮಾನಿನ ಅಡಿಯಲ್ಲಿ ಬೇಡ.